ಬೀಗದ ಮೇಷ್ಟ್ರ ಚಿಕ್ಕ ಮಾತ್ರೆ

ಅತ್ತೆ ಬಾಗಿಲು ತಳ್ಳಿಕೊಂಡು ಒಳಗೆ ಬರುವಷ್ಟರಲ್ಲಿ ಮಗಳು ವಿಟಮಿನ್ ಡಬ್ಬಿಯನ್ನು ಕೈಚೀಲಕ್ಕೆ ತುರುಕಿ ಜಿಪ್ ಎಳೆದಾಗಿತ್ತು.

"ಏನೇ ಅದು?"

"ಏನಿಲ್ಲ ಅತ್ತೆ. ಅಪ್ಪನ ಮಾತ್ರೆಗಳು. ಎಸೆಯೋಣ ಅಂತ."

"ಅಲ್ಲಿ ನನ್ನ ತಮ್ಮ ಮಲಗಿದಾನೆ, ಇವಳಿಗೆ ಕಪಾಟು ಒರೆಸೋ ಹೊತ್ತು! ಬಾ ಆಚೆಗೆ. ಬಂದವರನ್ನ ಕೂರಿಸೋಕೆ ಒಬ್ಬರಾದ್ರೂ ಬೇಡ್ವಾ?"

ಸತ್ತವರ ಅಕ್ಕನಾದ ಈ ಅತ್ತೆಗೆ ಎಪ್ಪತ್ತೆಂಟು ವರ್ಷ. ಕಿವಿ ಮಂದವಾಗಿತ್ತೇ ಹೊರತು ಕಂಠ ಕಂಚಿನದು. ಆಕೆ ಗುಟ್ಟು ಹೇಳಿದರೆ ಬೀದಿಯ ತುದಿಯವರೆಗೆ ಸುದ್ದಿ ಮುಟ್ಟುತ್ತಿತ್ತು. ಮಗಳು ಚೀಲವನ್ನು ಹೆಗಲಿಗೇರಿಸಿಕೊಂಡೇ ಮುಂದಿನ ಕೋಣೆಗೆ ಬಂದಳು. ಅಪ್ಪ ಸತ್ತು ಮಲಗಿರುವಾಗ ಮನೆಯೊಳಗೇ ಚೀಲ ಹಾಕಿಕೊಂಡು ಓಡಾಡುವವಳನ್ನು ಕಂಡವರು ಏನೆಂದುಕೊಂಡಾರು ಎಂಬುದು ಅವಳ ತಲೆಗೆ ಹೊಳೆಯಲೇ ಇಲ್ಲ.

ಕೋಣೆಯ ತುಂಬ ಜನ. ಬೀಗದ ಮೇಷ್ಟ್ರು ಎಂದೇ ಊರಿಗೆಲ್ಲ ಗೊತ್ತಿದ್ದ ಅಪ್ಪನ ಕೈಗಳನ್ನು ಯಾರೋ ಎದೆಯ ಮೇಲೆ ಜೋಡಿಸಿಟ್ಟಿದ್ದರು. ಬಂದವರೆಲ್ಲ ಮುಖ ನೋಡುತ್ತಿದ್ದರು, ಆಮೇಲೆ ಬಲಗೈಯನ್ನು ನೋಡುತ್ತಿದ್ದರು. ಏಳು ವರ್ಷ ನಿದ್ದೆಯಲ್ಲಿ ಬಿಟ್ಟರೆ ಒಂದು ಗಳಿಗೆಯೂ ನಡುಕ ನಿಲ್ಲದಿದ್ದ ಕೈ ಅದು.

"ಪಾಪ, ಈಗಲಾದ್ರೂ ವಿಶ್ರಾಂತಿ ಸಿಕ್ತು," ಎಂದರು ಎದುರು ಮನೆಯ ನರ್ಸಮ್ಮ. ಮಗಳು ತಲೆಯಾಡಿಸಿದಳು.

ಬೆಳಗಿನ ರೈಲಿಗೆ ಬಂದಿಳಿದಿದ್ದ ತಮ್ಮ ಅವಳನ್ನು ಕಿಟಕಿಯ ಹತ್ತಿರ ಕರೆದ. ಅತ್ತು ಅವನ ಕಣ್ಣು ಕೆಂಪಾಗಿತ್ತು.

"ಅಕ್ಕಾ, ಎರಡು ವರ್ಷದ ಹಿಂದೆ ನಾನು ಬಂದಾಗ ಅಪ್ಪ ಎಷ್ಟು ಚೆನ್ನಾಗಿದ್ರು! ನನ್ನ ಸೂಟ್‌ಕೇಸಿಗೆ ಅವರೇ ಕೀಲಿಕೈ ಉಜ್ಜಿ ಕೊಟ್ರು. ಆಮೇಲೆ ಹೀಗೆ ಯಾಕೆ ಕುಸಿದುಹೋದ್ರು? ಏನಾದ್ರೂ ಮಾತ್ರೆ ನಿಲ್ಲಿಸಿದ್ರಾ?"

"ಕಾಯಿಲೇನೇ ಹಾಗಲ್ವೇನೋ," ಎಂದು ಅವಳು ಕಿವಿಯ ತುದಿ ಮುಟ್ಟಿಕೊಂಡಳು. ಹೆಗಲ ಮೇಲಿನ ಚೀಲ ಮಣಭಾರವಾದಂತೆನಿಸಿತು.

\*

ಬಸ್ ನಿಲ್ದಾಣದ ಹಿಂಬದಿಯ ಗೋಡೆಗೆ ಒರಗಿಕೊಂಡು ಎರಡು ಪೆಟ್ಟಿಗೆ ಅಂಗಡಿಗಳಿದ್ದವು. ಒಂದರಲ್ಲಿ ಅಪ್ಪ ಬೀಗ ರಿಪೇರಿ ಮಾಡುತ್ತಿದ್ದರು, ಇನ್ನೊಂದರಲ್ಲಿ ಅವರ ಗೆಳೆಯ ಕೊಡೆ ರಿಪೇರಿ ಮಾಡುತ್ತಿದ್ದ. ಮಕ್ಕಳ ಬಾಯಲ್ಲಿ ಆತ ಕೊಡೆಮಾಮ. ನಲವತ್ನಾಲ್ಕು ವರ್ಷ ಇಬ್ಬರೂ ಹಾಗೆ ಮೊಣಕೈ ತಾಗಿಸಿಕೊಂಡು ಕೂತಿದ್ದರು. ಅಪ್ಪನದು ಒಂದೇ ಕಟ್ಟುನಿಟ್ಟು. ಬೀಗದ ಯಜಮಾನರು ಪಕ್ಕದಲ್ಲಿ ನಿಂತಿರದೆ ಅವರು ಯಾರ ಬೀಗವನ್ನೂ ತೆಗೆಯುತ್ತಿರಲಿಲ್ಲ. ಒಮ್ಮೆ ದೊಡ್ಡ ಸಾಹೇಬರೊಬ್ಬರು ಭಾವನ ಮನೆಯ ಬೀಗ ತೆಗೆಸಲು ಕಾರು ಕಳಿಸಿದಾಗಲೂ, "ಭಾವನವರು ಬರಲಿ, ಆಮೇಲೆ ಬರ್ತೀನಿ," ಎಂದು ಡ್ರೈವರನನ್ನು ವಾಪಸ್ಸು ಅಟ್ಟಿದ್ದರು.

ಮೊದಲು ನಡುಗಿದ್ದು ಬಲಗೈಯ ಹೆಬ್ಬೆರಳು. ಆಮೇಲೆ ಹೆಜ್ಜೆ ಮೊಟಕಾಯಿತು, ಮುಖದ ನಗು ಒಳಗೇ ಉಳಿಯಿತು. ನರದ ಡಾಕ್ಟರು ಪಾರ್ಕಿನ್ಸನ್ಸ್ ಎಂದು ಹೇಳಿ ದೊಡ್ಡ ಮಾತ್ರೆಯೊಂದನ್ನು ಬರೆದುಕೊಟ್ಟರು. ಖಾಲಿ ಹೊಟ್ಟೆಗೆ ಔಷಧಿ ತಗೊಳ್ಳುವುದುಂಟೇ ಎಂದು ಅಪ್ಪ ಅದನ್ನು ಲೋಟದ ತುಂಬ ಹಾಲಿನ ಜೊತೆ ನುಂಗುತ್ತಿದ್ದರು. ಆರು ತಿಂಗಳು ಕೈಯ ನಡುಕ ಇದ್ದಂತೆಯೇ ಇತ್ತು. "ಹಾಲು, ಮೊಟ್ಟೆ, ಬೇಳೆ ಇವೆಲ್ಲ ಈ ಮಾತ್ರೆಗೆ ದಾರಿ ಬಿಡಲ್ಲ. ಊಟಕ್ಕೆ ಅರ್ಧ ಗಂಟೆ ಮೊದಲು ಬರೀ ನೀರಲ್ಲಿ ಕೊಡಿ," ಎಂದು ಡಾಕ್ಟರು ಗದರಿದ ಮೇಲೆ ಮಗಳು ಗಡಿಯಾರ ಹಿಡಿದು ನಿಂತಳು. ಕೈ ಸ್ವಲ್ಪ ಹಿಡಿತಕ್ಕೆ ಬಂತು. ಆದರೆ ವರ್ಷಗಳುರುಳಿದಂತೆ ಒಂದು ಮಾತ್ರೆಯ ಬಲ ಇನ್ನೊಂದರ ಹೊತ್ತಿನವರೆಗೆ ಸಾಲದಾಯಿತು. ಆಗ ಬಂದದ್ದು ಚಿಕ್ಕ ಮಾತ್ರೆ.

"ಇದರಲ್ಲಿ ಒಂದು ತೊಂದರೆ ಇದೆ," ಎಂದಿದ್ದರು ಡಾಕ್ಟರು. "ಕೆಲವರಿಗೆ ಯಾವುದಾದ್ರೂ ಒಂದು ಚಟ ಹತ್ತಿಬಿಡತ್ತೆ, ಬೇಡ ಅಂದ್ರೂ ಬಿಡೋಕಾಗಲ್ಲ. ಇಸ್ಪೀಟು, ವಿಪರೀತ ತಿನ್ನೋದು, ಬೇಡದ ಸಾಮಾನು ಕೊಳ್ಳೋದು. ಕಣ್ಣಿಟ್ಟಿರಿ."

ಮಗಳು ಇಸ್ಪೀಟಿನ ಮೇಲೆ ಕಣ್ಣಿಟ್ಟಳು. ಅಪ್ಪ ಬೀಗ ಬಿಚ್ಚತೊಡಗಿದರು. ಕಪಾಟಿನದು, ಟ್ರಂಕಿನದು, ಕೊನೆಗೆ ಬಚ್ಚಲುಮನೆಯದು. ಹಳೆಯ ಪೇಪರಿನ ಮೇಲೆ ಸ್ಪ್ರಿಂಗು, ಪಿನ್ನುಗಳನ್ನೆಲ್ಲ ಉದ್ದದ ಲೆಕ್ಕದಲ್ಲಿ ಸಾಲಾಗಿ ಜೋಡಿಸುವರು, ಮತ್ತೆ ಕೂಡಿಸುವರು, ಮತ್ತೆ ಬಿಚ್ಚುವರು. ಊಟಕ್ಕೆ ಕರೆದರೆ ಬರುತ್ತಿರಲಿಲ್ಲ. ಬೀಗದವರು ಬೀಗ ಬಿಚ್ಚಿದರೆ ಅದು ಕಾಯಿಲೆ ಎಂದು ಯಾರಿಗೆ ತಾನೆ ತೋಚೀತು? "ಏನಾದ್ರೂ ಚಟ?" ಎಂದು ಡಾಕ್ಟರು ಕೇಳಿದಾಗ ಅವಳು ಹೆಮ್ಮೆಯಿಂದ, "ಏನೂ ಇಲ್ಲ ಡಾಕ್ಟ್ರೇ, ಮತ್ತೆ ಕೆಲಸ ಶುರು ಮಾಡಿದಾರೆ!" ಎಂದು ಬಂದಿದ್ದಳು. ಆ ಪೆದ್ದುತನವನ್ನು ನೆನೆದರೆ ಈಗಲೂ ಅವಳ ಮುಖ ಬಿಸಿಯಾಗುತ್ತಿತ್ತು.

ಒಂದು ಮಧ್ಯಾಹ್ನ, ರಾತ್ರಿ ಪಾಳಿ ಮುಗಿಸಿ ಮಲಗಿದ್ದ ನರ್ಸಮ್ಮ ಎದ್ದು ನೋಡಿದರೆ ಅವರ ಮನೆಯ ಬಾಗಿಲು ಹಾರುಹೊಡೆದಿತ್ತು. ಕಾಲೊರೆಸುವ ಬಟ್ಟೆಯ ಮೇಲೆ ಅವರದೇ ಬೀಗ ಹನ್ನೊಂದು ತುಂಡಾಗಿ ಬಿದ್ದಿತ್ತು, ಪಕ್ಕದಲ್ಲಿ ಬೀಗದ ಮೇಷ್ಟ್ರು ಕೂತಿದ್ದರು. ಪುಣ್ಯಾತ್ಗಿತ್ತಿ ಕೂಗಾಡಲಿಲ್ಲ. ಕೈಹಿಡಿದು ಮನೆಗೆ ಕರೆತಂದು ಬಿಟ್ಟರು. ಅಪ್ಪ ತಲೆ ಎತ್ತಲಿಲ್ಲ.

"ಇದು ಇವರ ಬುದ್ಧಿ ಅಲ್ಲಮ್ಮ, ಆ ಚಿಕ್ಕ ಮಾತ್ರೆಯ ಆಟ," ಎಂದರು ನರ್ಸಮ್ಮ. "ಡಾಕ್ಟರಿಗೆ ಹೇಳು. ನೀನಾಗಿ ಮಾತ್ರ ನಿಲ್ಲಿಸಬೇಡ. ದಿಢೀರಂತ ಬಿಟ್ರೆ ಅದೂ ಕಷ್ಟ."

ಮೂರು ತಿಂಗಳಲ್ಲಿ ಮೆಲ್ಲಮೆಲ್ಲಗೆ ಇಳಿಸೋಣ ಎಂದರು ಡಾಕ್ಟರು. "ಕೈ ಬಿಗಿಯಬಹುದು. ಅವರಿಗೂ ಒಂದು ಮಾತು ತಿಳಿಸಿ."

ಅವಳು ತಿಳಿಸಲು ಹೋಗಿದ್ದಳು. ಮಾತು ಅರ್ಧಕ್ಕೆ ಬರುವಷ್ಟರಲ್ಲಿ ಅಪ್ಪ ಮಾತ್ರೆ ಡಬ್ಬಿಯನ್ನು ಎದೆಗವಚಿಕೊಂಡರು. "ಅದನ್ನ ಮುಟ್ಟಿದ್ರೆ ನನ್ನ ಕೈ ಕತ್ತರಿಸಿದ ಹಾಗೆ. ನೋಡು ಮತ್ತೆ!"

ಆಗ ಅವಳು ಸುಳ್ಳು ಹೇಳಿದಳು. ಕಂಪನಿಯವರು ಆಕಾರ ಬದಲಾಯಿಸಿದ್ದಾರೆ ಎಂದು ಮೊದಲು ಅರ್ಧ ಬಲದ್ದನ್ನು ಕೊಟ್ಟಳು, ಆಮೇಲೆ ಕಾಲು ಬಲದ್ದನ್ನು. ಡಾಕ್ಟರು ಹೇಳಿದ ದಿನ ಅದೂ ನಿಂತಿತು. ಆ ಜಾಗಕ್ಕೆ ಹೆಚ್ಚುಕಡಿಮೆ ಅದೇ ಬಣ್ಣದ ವಿಟಮಿನ್ ಬಂತು. ಬೀಗಗಳು ಬಾಗಿಲಲ್ಲೇ ಉಳಿದವು. ಹಿಂದೆಯೇ ಅಪ್ಪನ ಬೆರಳುಗಳೂ ಬಿಗಿದುಕೊಂಡವು. "ಮಾತ್ರೆ ಹಳೇದಾಗಿದ್ಯೇನೋ ಮಗಳೇ?" ಎಂದು ಆಗಾಗ ಕೇಳುತ್ತಿದ್ದರು. "ಇಲ್ಲಪ್ಪ, ಹೊಸದೇ," ಎನ್ನುತ್ತಿದ್ದಳು. ಒಂದು ವರ್ಷ ನಾಲ್ಕು ತಿಂಗಳು ಅವರ ಬಾಯಿಗೆ ತುತ್ತು ಇಡುವಾಗಲೆಲ್ಲ ಅವಳಿಗೆ ಒಂದೇ ಯೋಚನೆ. ಈ ಕೈಯನ್ನು ಕದ್ದವಳು ನಾನು, ಅದೂ ಅವರನ್ನು ಒಂದು ಮಾತೂ ಕೇಳದೆ.

\*

ಸ್ಮಶಾನದಲ್ಲಿ ಇವರಿಗಿಂತ ಮೊದಲು ಬಂದವರ ಸರದಿ ಇನ್ನೂ ಮುಗಿದಿರಲಿಲ್ಲ. ಗೇಟಿನ ಪಕ್ಕದ ಸಿಮೆಂಟು ಬೆಂಚಿನ ಮೇಲೆ ಮಗಳು ಕೂತಳು. ಕೊಡೆಮಾಮ ಬಂದು ಪಕ್ಕದಲ್ಲಿ ಕೂತು, ಸ್ವಲ್ಪ ಹೊತ್ತು ಮಂಡಿ ನೀವಿಕೊಂಡ.

"ಆ ಚೀಲದಲ್ಲಿ ಏನಮ್ಮಾ ಇದೆ? ಬೆಳಗ್ಗಿಂದ ಕೂಸಿನ ಹಾಗೆ ಹೊತ್ಕೊಂಡಿದೀಯ."

"ಏನಿಲ್ಲ ಮಾಮ." ಕೈ ಕಿವಿಗೆ ಹೋಯಿತು.

"ನೋಡು, ನೋಡು! ಅವನು ಹೇಳಿದ್ದು ನಿಜ. ಸುಳ್ಳು ಹೇಳೋವಾಗ ನೀನು ಕಿವಿ ಮುಟ್ಕೋತೀಯಂತೆ, ನಿಮ್ಮಮ್ಮನ ಹಾಗೆ." ಆತ ದನಿ ತಗ್ಗಿಸಿದ. "ವಿಟಮಿನ್ನಾ?"

ಅವಳು ಚೀಲವನ್ನು ಎದೆಗವಚಿಕೊಂಡಳು.

"ಹೆದರ್ಕೋಬೇಡ. ಅವನಿಗೆ ಗೊತ್ತಿತ್ತು. ಮೊದಲ ಸಲ ಬದಲಾಯಿಸಿದ ದಿನಾನೇ ಗೊತ್ತಿತ್ತು. ನಲವತ್ತು ವರ್ಷ ಬೀಗದ ಪಿನ್ನನ್ನ ಬೆರಳಲ್ಲೇ ಅಳೆದವನಿಗೆ ಮಾತ್ರೆಯ ಅಂಚು ತಿಳಿಯಲ್ವಾ? ಆಮೇಲೆ ಆ ವಿಟಮಿನ್ ಬಂತಲ್ಲ, ಅದನ್ನ ಕಚ್ಚಿ ನೋಡಿದಾನೆ. ಹುಳಿ ಇದೆ ಕಣೋ, ಚೆನ್ನಾಗಿದೆ, ಅಂದ."

"ಗೊತ್ತಿದ್ದೂ ಸುಮ್ಮನಿದ್ರಾ?"

"ಭಾನುವಾರ ನಾನು ಬರ್ತಿದ್ನಲ್ಲ, ಆಗ ಹೇಳ್ತಿದ್ದ. ಡಬ್ಬಿ ಕಂಡ್ರೆ ಸಾಕು, ಬೇಕು ಅನ್ಸತ್ತೆ ಕಣೋ, ನಾನಾಗಿ ಬಿಡೋಕೆ ಆಗ್ತಿಲ್ಲ, ಅಂತ. ಆ ನರ್ಸಮ್ಮ ಪಾಪ ಒಳಗೆ ಮಲಗಿದಾರೆ, ನಾನು ಅವರ ಬಾಗಿಲು ಬಿಚ್ಚಿದೀನಿ, ಯಜಮಾನರು ಪಕ್ಕದಲ್ಲಿಲ್ದೆ ಬೀಗ ತೆಗೆದ ಮೇಲೆ ನಾನು ಎಂಥಾ ಬೀಗದವನೋ ಅಂತ ಅತ್ತುಬಿಟ್ಟ. ಕೈ ಹೋದ್ರೆ ಹೋಗ್ಲಿ, ಮಗಳು ಧೈರ್ಯ ಮಾಡಿದಾಳೆ, ಅಂದ."

"ನನಗೆ ಒಂದು ಮಾತು ಹೇಳಬಾರದಿತ್ತಾ ಮಾಮ?" ಅವಳಿಗೆ ಅಳುವಿಗಿಂತ ಮೊದಲು ಸಿಟ್ಟು ಬಂದಿತ್ತು.

"ಹೇಳಿದ್ರೆ ನೀನು ಅಯ್ಯೋ ಪಾಪ ಅಂತ ಮತ್ತೆ ಶುರು ಮಾಡ್ತೀಯ ಅಂತ ಅವನಿಗೆ ಭಯ. ನಾನು ಹೋದ ಮೇಲೆ ಹೇಳು, ಅಲ್ಲೀವರೆಗೆ ಬಾಯಿ ಬಿಡಬೇಡ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡ. ಒಂದು ವರ್ಷದಿಂದ ನನ್ನ ಹೊಟ್ಟೆ ಉಬ್ಬಿಹೋಗಿದೆ!"

"ಮತ್ತೆ, ಮಾತ್ರೆ ಹಳೇದಾಗಿದ್ಯಾ ಅಂತ ಕೇಳ್ತಿದ್ರಲ್ಲ?"

"ಆಸೆ ತಡೀಲಾರದೆ ಕೇಳ್ತಿದ್ದ. ನೀನೆಲ್ಲಿ ಕೊಟ್ಟುಬಿಡ್ತೀಯೋ ಅಂತ ಹೆದರಿಕೇನೂ ಇತ್ತು. ಭಾನುವಾರ ನಾನು ಬಂದ ಕೂಡ್ಲೆ ವರದಿ ಒಪ್ಪಿಸ್ತಿದ್ದ. ಈ ವಾರಾನೂ ಕೊಡ್ಲಿಲ್ಲ ಕಣೋ, ಗಟ್ಟಿಗಿತ್ತಿ ನನ್ನ ಮಗಳು, ಅಂತ."

ಮಗಳು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ಭುಜ ಕುಲುಕತೊಡಗಿತು. ದೂರದಲ್ಲಿ ನಿಂತಿದ್ದವರು ಅವಳು ಈಗ ಅಳುತ್ತಿದ್ದಾಳೆ, ಅಳಲಿ ಎಂದುಕೊಂಡರು. ಅವಳು ನಗುತ್ತಿದ್ದಳು. "ಕಳ್ಳ ಅಪ್ಪ," ಎಂದಳು, "ಎಂಥಾ ಕಳ್ಳ ಅಪ್ಪ ಮಾಮ!" ಹದಿನಾರು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದುಹೋಗಿ, ಉಸಿರು ಹೊಟ್ಟೆಯವರೆಗೂ ಹೋಗಿ ಬಂತು. ಆಮೇಲೆ ಅಳುವೂ ಬಂತು. ಅದು ಬರೀ ಅಪ್ಪ ಹೋದದ್ದಕ್ಕೆ ಬಂದ ಅಳು, ಅದರಲ್ಲಿ ಬೇರೇನೂ ಬೆರೆತಿರಲಿಲ್ಲ.

ಸರದಿ ಬಂತೆಂದು ಕರೆಯಲು ಬಂದ ತಮ್ಮನನ್ನು ಅವಳೇ ನಿಲ್ಲಿಸಿದಳು.

"ಬೆಳಗ್ಗೆ ಕೇಳಿದ್ಯಲ್ಲ. ಮಾತ್ರೆ ನಿಲ್ಲಿಸಿದ್ದು ನಾನು. ಡಾಕ್ಟರು ಹೇಳಿದ್ದು ಹೌದು, ಆದ್ರೆ ಅಪ್ಪನಿಗೆ ಸುಳ್ಳು ಹೇಳಿ ನಿಲ್ಲಿಸಿದೆ." ನಡೆದದ್ದನ್ನೆಲ್ಲ ನಿಂತಲ್ಲೇ ಹೇಳಿದಳು. ಕೈ ಎರಡೂ ಪಕ್ಕದಲ್ಲೇ ಇದ್ದವು.

"ನನಗಾದ್ರೂ ಹೇಳಬಹುದಿತ್ತಲ್ಲ ಅಕ್ಕ?"

"ಹೇಳಿದ್ರೆ ನೀನು ಬೇಡ ಅಂತಿದ್ದೆ."

"ಹ್ಞೂಂ. ಅಂತಿದ್ದೆ," ಎಂದ. ಆಮೇಲೆ ಅಕ್ಕನ ಹೆಗಲಿನಿಂದ ಚೀಲವನ್ನು ತೆಗೆದು ತನ್ನ ಹೆಗಲಿಗೆ ಹಾಕಿಕೊಂಡ.

\*

ಎಲ್ಲ ಮುಗಿಸಿ ಮನೆಗೆ ಬಂದಾಗ ಮೂರು ಗಂಟೆ. ನರ್ಸಮ್ಮ ಅನ್ನ, ಸಾರು ಮಾಡಿಟ್ಟಿದ್ದರು. ಬಂದವರು ಗೋಡೆಗೊರಗಿ ತಟ್ಟೆ ಹಿಡಿದರು. ಬೀಗದ ಮೇಷ್ಟ್ರು ಯಾರ ಯಾರ ಮನೆಯ ಕೀಲಿ ಕಳೆದಾಗ ಏನೇನು ಮಾಡಿದ್ದರು ಎಂಬ ಕತೆಗಳು ಶುರುವಾದವು. ಒಬ್ಬೊಬ್ಬರಾಗಿ ನಗತೊಡಗಿದರು, ನಕ್ಕರೆ ತಪ್ಪೇನಿಲ್ಲ ಎಂದು ಎಲ್ಲರಿಗೂ ಅನ್ನಿಸಿದಂತಿತ್ತು.

ಮಗಳು ಕುರ್ಚಿಯಲ್ಲಿ ಕೂತಿದ್ದಳು. ಏಳು ವರ್ಷದಲ್ಲಿ ಅವಳು ಕೂತು ಉಂಡದ್ದು ಕಡಿಮೆ. ಊಟಕ್ಕೆ ಅರ್ಧ ಗಂಟೆ ಮೊದಲಿನ ಮಾತ್ರೆ, ಊಟ, ಮುಂದಿನ ಮಾತ್ರೆ ಎಂದು ನಿಂತಲ್ಲೇ ನಾಲ್ಕು ತುತ್ತು ಬಾಯಿಗೆ ಹಾಕಿಕೊಂಡು ಅಭ್ಯಾಸ. ಈಗ ಹಸಿವೆಯಾಗಿತ್ತು. ಎರಡನೆಯ ಸಲ ಅನ್ನ ಹಾಕಿಸಿಕೊಂಡಳು. ಯಾರೋ ಕತೆ ಹೇಳುತ್ತಿದ್ದುದು ಕೇಳಿಸುತ್ತಿತ್ತು, ಆಮೇಲೆ ದೂರವಾಯಿತು.

"ಹೊರಡೋ ಹೊತ್ತಾಯ್ತು, ಅವಳಿಗೆ ಒಂದು ಮಾತು ಹೇಳಿ ಹೋಗ್ತೀವಿ," ಎಂದು ಬಂದವರನ್ನು ಅತ್ತೆ ಕೈಯಡ್ಡ ಹಿಡಿದು ತಡೆದಳು. ಮಗಳು ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು, ಬಾಯಿ ತೆರೆದು, ತಲೆ ಒಂದು ಕಡೆಗೆ ವಾಲಿಸಿ ಗಾಢವಾಗಿ ನಿದ್ದೆ ಹೋಗಿದ್ದಳು. ಅನ್ನ ಮೆತ್ತಿದ ಬಲಗೈ ಕುರ್ಚಿಯಿಂದ ಇಳಿಬಿದ್ದಿತ್ತು. ಅತ್ತೆ ತಟ್ಟೆಯನ್ನು ಮೆಲ್ಲಗೆ ಎತ್ತಿಕೊಂಡಳು. ಸೆರಗಿನ ತುದಿ ಒದ್ದೆ ಮಾಡಿ ಆ ಬೆರಳುಗಳನ್ನು ಒಂದೊಂದಾಗಿ ಒರೆಸಿದಳು. ಆಮೇಲೆ ಜನರ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟಳು.

ಬಂದವರೆಲ್ಲ ಬಾಗಿಲಲ್ಲಿ ಬಾಗಿ, ತಂತಮ್ಮ ಚಪ್ಪಲಿಗಳನ್ನು ಕೈಗೆತ್ತಿಕೊಂಡು, ಬರಿಗಾಲಲ್ಲಿ ಸದ್ದಿಲ್ಲದೆ ಮೆಟ್ಟಿಲಿಳಿದು ಹೋದರು.