ಹಾರಿದ್ದು ಯಾರು

ಪಾರಿವಾಳ ಹಾರಿಸುವವನ ಮಾತು ಹಾರಿಕೆ ಮಾತು. ಬಸ್ರಾದ ಆ ಕೇರಿಯಲ್ಲಿ ಮೊಲೆ ಕುಡಿಯುವ ಕೂಸಿಗೂ ಇದು ಗೊತ್ತು. ಹಕ್ಕಿಯ ಆಸೆಗೆ ಅವನು ಸುಳ್ಳು ಆಣೆ ಇಡುತ್ತಾನಂತೆ, ಮಾಳಿಗೆ ಹತ್ತಿ ಪರರ ಹೆಂಗಸರನ್ನು ನೋಡುತ್ತಾನಂತೆ. ಆದ್ದರಿಂದ ಪಂಚಾಯಿತಿಯಲ್ಲಿ ಅವನ ಸಾಕ್ಷಿ ನಡೆಯುವುದಿಲ್ಲ. ಅವನಿಗೆ ಅಲ್ಲಿನವರು ಇಟ್ಟ ಹೆಸರು ಮುತಯ್ಯರ್ಚಿ. ಹಾರಿಸುವವನು ಎಂದರ್ಥ. ಕಸುಬಿನ ಹೆಸರೂ ಅದೇ, ಬೈಗುಳವೂ ಅದೇ.

ಅರ್ಧಕ್ಕೆ ಶಾಲೆ ಬಿಟ್ಟು ಹಕ್ಕಿಯ ಹಿಂದೆ ಬಿದ್ದ ಜಾಸಿಬನಿಗೆ ತಾಯಿ ಇದನ್ನು ಹೇಳಿ ಹೇಳಿ ಸೋತಿದ್ದಳು.

"ಮುಂದೊಂದು ದಿನ ನಿನ್ನ ಮಾತು ಬೇಕಾಗತ್ತೆ ಕಣೋ. ಆಗೇನು ಪಾರಿವಾಳ ಬಂದು ಸಾಕ್ಷಿ ಹೇಳ್ತಾವಾ?"

"ಹೇಳ್ತಾವೆ ಯುಮ್ಮಾ. ಈ ಕೇರಿ ಗಡ್ಡದವರಿಗಿಂತ ಅವೇ ವಾಸಿ."

ಹಗಲೆಲ್ಲ ಬಾಡಿಗೆಯ ಆಟೋ ಓಡಿಸಿ, ಬಿಸಿಲು ಇಳಿದ ಮೇಲೆ ಅವನು ಚಿಕ್ಕಪ್ಪ ಖಯ್ಯೂನನ ಮಾಳಿಗೆ ಹತ್ತುತ್ತಿದ್ದ. ಗೂಡು ಅಲ್ಲಿತ್ತು. ಮೆಟ್ಟಿಲ ಅರ್ಧದಲ್ಲೇ ನಿಂತು ಕೆಮ್ಮಿ, "ಯಾ ಅಲ್ಲಾಹ್!" ಎಂದು ಕೂಗುತ್ತಿದ್ದ. ಸುತ್ತಲ ಮಾಳಿಗೆಗಳಲ್ಲಿ ಬಟ್ಟೆ ಒಣಹಾಕುವ, ತಲೆ ಬಾಚುವ ಹೆಂಗಸರು ಸೆರಗು ಎಳೆದುಕೊಳ್ಳಲಿ ಎಂದು. ಲೋಕ ಅವನನ್ನು ಸುಳ್ಳ ಎಂದರೂ ಈ ಒಂದು ಕೂಗನ್ನು ಅವನು ಎಂದೂ ತಪ್ಪಿಸಿದವನಲ್ಲ. ಹಕ್ಕಿ ಬಿಟ್ಟ ಮೇಲೆ ಕಣ್ಣು ಹಕ್ಕಿಯ ಮೇಲೆ. ಕಾಣದ ಕಡೆಗೆ ಕಳಿಸುವಂತಿಲ್ಲ. ಪ್ರತಿ ಹಕ್ಕಿಯ ಕಾಲಿಗೂ ಒಡೆಯನ ಬಣ್ಣದ ಮಣಿ ಇರಬೇಕು. ಪರರ ಹಕ್ಕಿ ತನ್ನ ಮಾಳಿಗೆಗೆ ಇಳಿದರೆ ಒಡೆಯ ಬಂದು ಕೇಳುವವರೆಗೆ ಕಾಯಬೇಕು. ಕೇಳದಿದ್ದರೆ ಅದು ಇಳಿಸಿಕೊಂಡವನದು. ಸಾಕಬಹುದು, ಕತ್ತು ತಿರುಚಬಹುದು, ಯಾರೂ ಕೇಳುವಂತಿಲ್ಲ. ಮಾನವಿಲ್ಲದವರು ಎನ್ನಿಸಿಕೊಂಡವರ ಕಟ್ಟುಪಾಡು ಇಷ್ಟು.

ಮಾನವಂತರ ಮನೆಯ ಮಗ ಸರ್ಮದ್ ಡ್ರೋನ್ ತಂದ. ಅವನಪ್ಪ ಹಾಜಿ ಷಲ್ಲಾಲ್ ಕೇರಿಗೆಲ್ಲ ಜನರೇಟರಿನ ಕರೆಂಟು ಮಾರುವವನು. ಸರ್ಕಾರದ ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ಹಾಜಿಯ ತಂತಿ ಇಲ್ಲದೆ ಆ ಊರ ಬೇಸಿಗೆಯಲ್ಲಿ ಬದುಕುವುದುಂಟೆ? ಹಾಗಾಗಿ ಇಡೀ ಕೇರಿಯ ನಾಲಿಗೆ ಹಾಜಿಯ ಸ್ವಿಚ್ಚಿಗೆ ಕಟ್ಟಿತ್ತು. ಡ್ರೋನ್ ಜೇನುಹುಳುವಿನಂತೆ ಗುಂಯ್‌ಗುಟ್ಟುತ್ತ ಮಾಳಿಗೆಯಿಂದ ಮಾಳಿಗೆಗೆ ಹೋಗತೊಡಗಿತು. ಹೆಂಗಸರು ಒದ್ದೆ ಬಟ್ಟೆಯನ್ನೇ ಮುಖಕ್ಕೆ ಒತ್ತಿಕೊಂಡು ಕೆಳಗೆ ಓಡತೊಡಗಿದರು. ಗಂಡಸರು ಮನೆಯೊಳಗೆ ಹಲ್ಲು ಕಡಿದರು, ಬೀದಿಯಲ್ಲಿ ಹಾಜಿಗೆ ಸಲಾಂ ಹೊಡೆದರು. ಥೂ.

ಜಾಸಿಬ್ ಹೋಗಿ ಕೇಳಿದ. ಸರ್ಮದ್ ಜನರೇಟರ್ ಶೆಡ್ಡಿನ ನೆರಳಲ್ಲಿ ಕುರ್ಚಿ ಹಾಕಿ ಕೂತು, ಆಡಿಸುವ ಪೆಟ್ಟಿಗೆಯ ಪರದೆ ನೋಡುತ್ತಿದ್ದ.

"ಸರ್ಮದ್, ಇದಕ್ಕೆ ಕಟ್ಟುಪಾಡು ಅಂತ ಏನಾದ್ರೂ ಇದ್ಯೋ ಇಲ್ವೋ?"

"ಇದೆ. ಡಬ್ಬದಲ್ಲಿ ಪುಸ್ತಕಾನೇ ಇತ್ತು. ಜನರ ತಲೆ ಮೇಲೆ ಬಿಡಬೇಡ, ಕಣ್ಣಿಗೆ ಕಾಣೋ ದೂರ ದಾಟಿಸಬೇಡ, ಹೆಸರು ನಂಬರು ಅಂಟಿಸು, ಸರ್ಕಾರದ ಅಪ್ಪಣೆ ತಗೋ. ಅದನ್ನೆಲ್ಲ ಓದ್ತಾ ಕೂತ್ರೆ ಬ್ಯಾಟರಿ ಖಾಲಿ ಆಗತ್ತೆ."

"ಗೊತ್ತಿದ್ದ ಮೇಲೆ ಹಾಗೇ ಮಾಡು."

"ಕಟ್ಟುಪಾಡೆಲ್ಲ ಪೊಲೀಸ್ ಮಾವ ಇಲ್ಲದವರಿಗೆ ಕಣೋ. ನಂಗೆ ಇದ್ದಾನೆ."

"ಹಕ್ಕಿ ಬಿಡೋವಾಗ ನಾವು ಆಕಾಶ ನೋಡ್ತೀವಿ. ನೀನು ತೊಡೆ ಮೇಲಿನ ಪರದೆ ನೋಡ್ಕೊಂಡು ಬಿಡ್ತಿದ್ದೀಯ. ಯಾರಿಗಾದ್ರೂ ತಗುಲಿದ್ರೆ?"

"ಲೇ ಮುತಯ್ಯರ್ಚಿ, ಹೋಗಿ ಹಿಕ್ಕೆ ಬಾಚು. ನಂಗೆ ಪಾಠ ಹೇಳಬೇಡ."

"ನಾನು ಮುತಯ್ಯರ್ಚಿ ಆದ್ರೆ ನೀನೇನೋ? ನೀನೂ ಹಾರಿಸೋನೇ. ನನ್ನದು ಮೊಟ್ಟೆನಾದ್ರೂ ಇಡತ್ತೆ."

ಶೆಡ್ಡಿನಲ್ಲಿದ್ದವರು ನಕ್ಕರು. ಸರ್ಮದನ ಮುಖ ಕೆಂಪಾಯಿತು. ಆ ವಾರವೇ ಡ್ರೋನ್ ಜಾಸಿಬನ ಮನೆಯ ಮಾಳಿಗೆಗೆ ಅಂಟಿಕೊಂಡಿತು.

ಪಕ್ಕದ ಊರು ಜುಬೈರಿನ ಟೊಮೇಟೊ ಅಗ್ಗವಾಗಿದ್ದ ಕಾಲ. ಜಾಸಿಬನ ಅಕ್ಕ ನಜ್ಲಾ ಮಾಳಿಗೆಯಲ್ಲಿ ದೊಡ್ಡ ತಟ್ಟೆಗಳಲ್ಲಿ ಹಿಂಡಿದ ರಸ ಹರಡಿ, ಬಿಸಿಲಿಗೆ ಗಟ್ಟಿಯಾಗಲು ಬಿಟ್ಟಿದ್ದಳು. ಗಂಡನ ಮನೆ ಬಿಟ್ಟು ಬಂದವಳು, ನಗು ಬಿಟ್ಟವಳಲ್ಲ. ಆವತ್ತು ಸಂಜೆ ಜಾಸಿಬ್ ಗಲ್ಲಿಯ ಆಚೆ, ಚಿಕ್ಕಪ್ಪನ ಮಾಳಿಗೆಯಲ್ಲಿ ಕಾಳು ಹಿಡಿದು ಹಕ್ಕಿ ಇಳಿಸುತ್ತಿದ್ದ. ಅವಳು ಈಚೆ ಕುಕ್ಕರುಗಾಲಲ್ಲಿ ಕೂತು ಕೈಯಿಂದ ರಸ ಕದಡುತ್ತಿದ್ದಳು. ತಲೆ ಮೇಲೆ ಬಟ್ಟೆ ಇರಲಿಲ್ಲ.

"ಮುತಯ್ಯರ್ಚಿ ಸಾಹೇಬರೇ, ನಿಮ್ಮ ಹಕ್ಕಿ ನನ್ನ ತಟ್ಟೇಲಿ ಹಿಕ್ಕೆ ಹಾಕಿದ್ರೆ ಇವತ್ತೇ ಸಾರು ಮಾಡ್ತೀನಿ!"

"ಉಪ್ಪು ಕಮ್ಮಿ ಇದ್ರೆ ಹೇಳು ಅಕ್ಕ, ಇನ್ನೆರಡು ಕಳಿಸ್ತೀನಿ."

ಗುಂಯ್ ಎನ್ನುವ ಸದ್ದು ಅವಳ ಬೆನ್ನ ಹಿಂದಿನಿಂದ ಬಂತು. ತಿರುಗಿದರೆ ಮುಖದೆದುರೇ ಡ್ರೋನಿನ ಕ್ಯಾಮೆರಾದ ಒಕ್ಕಣ್ಣು. ಅವಳು ರಸ ಮೆತ್ತಿದ ಕೈಯಲ್ಲೇ ಕೊರಳ ವಸ್ತ್ರವನ್ನು ಮುಖದ ಮೇಲೆ ಎಳೆದುಕೊಂಡು ಎದ್ದಳು, ಹಿಂದಕ್ಕೆ ಹೆಜ್ಜೆ ಇಟ್ಟಳು. ಅದು ಮುಂದೆ ಬಂತು. ಮತ್ತೆ ಹಿಂದಕ್ಕೆ. ಇಟ್ಟಿಗೆ ಕಳಚಿದ ಮೋಟುಗೋಡೆ ಮೊಣಕಾಲಿಗೂ ಬರುತ್ತಿರಲಿಲ್ಲ.

"ಅಕ್ಕಾ, ಹಿಂದೆ!" ಎಂದು ಜಾಸಿಬ್ ಕೂಗುವಷ್ಟರಲ್ಲಿ ಅವಳು ಇರಲಿಲ್ಲ.

ಶೆಡ್ಡಿನಲ್ಲಿ ಕೂತ ಸರ್ಮದ್ ಗಾಬರಿಯಲ್ಲಿ ಗುಂಡಿ ತಪ್ಪಿ ಒತ್ತಿರಬೇಕು. ಡ್ರೋನ್ ಓರೆಯಾಗಿ ಗಲ್ಲಿ ದಾಟಿ, ಇಳಿಯುತ್ತಿದ್ದ ಹಿಂಡಿನೊಳಗೆ ನುಗ್ಗಿತು. ಗರಿ ಚದುರಿದವು. ಅದು ನೀರಿನ ಟ್ಯಾಂಕಿಗೆ ಬಡಿದು ಜಾಸಿಬನ ಗೂಡಿನ ಹಿಂದೆ ಬಿತ್ತು. ಅವನು ಅದನ್ನು ನೋಡಲು ನಿಲ್ಲಲಿಲ್ಲ. ಕೆಳಗೆ ಓಡಿದ. ನಜ್ಲಾ ವಸ್ತ್ರವನ್ನು ಇನ್ನೂ ಮುಖಕ್ಕೆ ಹಿಡಿದೇ ಇದ್ದಳು. ಉಸಿರು ಮಾತ್ರ ಇರಲಿಲ್ಲ.

ಮಣ್ಣು ಮಾಡಿ ಬರುವಷ್ಟರಲ್ಲಿ ಕೇರಿ ಕತೆ ಕಟ್ಟಿ ಮುಗಿಸಿತ್ತು. ಗಂಡ ಬಿಟ್ಟವಳು, ಮನಸ್ಸಿಗೆ ಹಚ್ಚಿಕೊಂಡಿದ್ದಳು, ಹಾರಿಕೊಂಡಳು. ಶವಕ್ಕೆ ನೀರೆರೆದ ಮುದುಕಿ ಕೂಡ ಹಾಗೇ ಅಂದಳು. ಅವಳ ಮನೆಗೂ ಹಾಜಿಯದೇ ತಂತಿ. ಠಾಣೆಯಲ್ಲಿ ಅಧಿಕಾರಿ ಜಾಸಿಬನಿಗೆ ಕಾನೂನು ಬಿಡಿಸಿ ಹೇಳಿದ:

"ನೋಡು ತಮ್ಮಾ, ಅಪ್ಪಣೆ ಇಲ್ಲದೆ ಯಾರೂ ಡ್ರೋನ್ ಹಾರಿಸೋ ಹಾಗಿಲ್ಲ. ನಿಮ್ಮ ಕೇರೀಲಿ ಯಾರಿಗೂ ಅಪ್ಪಣೆ ಕೊಟ್ಟಿಲ್ಲ. ಅಂದಮೇಲೆ ಯಾರೂ ಹಾರಿಸಿಲ್ಲ."

"ನಾನು ಕಣ್ಣಾರೆ ನೋಡಿದೀನಿ, ಸಾರ್!"

"ಏನು ಕೆಲಸ ಮಾಡ್ತಿದ್ದೆ ಅಲ್ಲಿ?"

"ಹಕ್ಕಿ ಇಳಿಸ್ತಿದ್ದೆ."

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದ.

ಮನೆಯಲ್ಲಿ ತಾಯಿ ಆ ವಸ್ತ್ರವನ್ನು ತೊಳೆಯದೆ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕೆಂಪು ಬೆರಳಚ್ಚು ಒಣಗಿ ಕಪ್ಪಾಗಿತ್ತು. "ಸಾಯೋಳು ಯಾವತ್ತಾದ್ರೂ ಮುಖ ಮುಚ್ಕೋತಾಳೇನೋ?" ಎಂದಳು. "ನಂಗೆ ಯಾರ ದುಡ್ಡೂ ಬೇಡ, ಯಾರ ಜೀವನೂ ಬೇಡ. ನನ್ನ ಮಗಳು ತಾನಾಗಿ ಹಾರಲಿಲ್ಲ ಅಂತ ಹಿರಿಯರು ನಾಲ್ಕು ಜನರೆದುರು ಒಂದು ಮಾತು ಹೇಳಲಿ. ಅಷ್ಟೇ ಸಾಕು."

ಚಿಕ್ಕಪ್ಪ ಖಯ್ಯೂನ್ ಕೈಕಾಲು ಹಿಡಿದು ಪಂಚಾಯಿತಿ ಸೇರಿಸಿದ. ಗಲ್ಲಿಗೆ ಅಡ್ಡಲಾಗಿ ಡೇರೆ ಕಟ್ಟಿದರು. ನಡುವೆ ಕಪ್ಪು ಪೇಟದ ಸೈಯದ್ ಮುಹ್ಸಿನ್, ಒಂದು ಬದಿಗೆ ಹಾಜಿ ಷಲ್ಲಾಲ್ ಮತ್ತು ಮಗ, ಇನ್ನೊಂದು ಬದಿಗೆ ಇವರು. ಫ್ಯಾನು ತಿರುಗುತ್ತಿದ್ದದ್ದೂ ಹಾಜಿಯ ಕರೆಂಟಿನಲ್ಲೇ. ಖಯ್ಯೂನ್ ಕಾಫಿ ಬಟ್ಟಲನ್ನು ತುಟಿಗೆ ತಾಗಿಸದೆ ನೆಲಕ್ಕಿಟ್ಟ. ಕೇಳಿಕೆ ತೀರುವವರೆಗೆ ಕುಡಿಯುವುದಿಲ್ಲ ಎಂದರ್ಥ.

"ಸಾಕ್ಷಿ ಯಾರು?" ಸೈಯದ್ ಕೇಳಿದ.

"ನಾನು, ಮೌಲಾನಾ," ಎಂದ ಜಾಸಿಬ್.

ಹಾಜಿ ನಕ್ಕ. "ಮೌಲಾನಾ, ಇವನು ಮುತಯ್ಯರ್ಚಿ. ಇವನ ಮಾತಿಗೆ ಬೆಲೆ ಯಾವಾಗ ಬಂತು? ನನ್ನ ಮಗನ ಹತ್ರ ಅಂಥಾ ಯಂತ್ರಾನೇ ಇಲ್ಲ. ಇದ್ದದ್ದನ್ನ ಮಾರಿ ತಿಂಗಳಾಯ್ತು."

"ಹಾಜಿ ಹೇಳೋದು ನಿಜ ಮಗಾ," ಎಂದ ಸೈಯದ್. "ನಿನ್ನ ಸಾಕ್ಷಿ ನಡೆಯಲ್ಲ. ಇದು ನಾನು ಮಾಡಿದ್ದಲ್ಲ, ಅಜ್ಜ ಮುತ್ತಜ್ಜರು ಮಾಡಿದ್ದು. ಬೇರೆ ಯಾರು ನೋಡಿದ್ದಾರೆ?"

ಡೇರೆಯಲ್ಲಿ ಅಷ್ಟು ಜನ ಇದ್ದರು. ಒಬ್ಬೊಬ್ಬನೂ ಒಂದಲ್ಲ ಒಂದು ಸಲ ತನ್ನ ಹೆಂಡತಿಯನ್ನು ಆ ಗುಂಯ್‌ಗುಟ್ಟುವಿಕೆಯಿಂದ ಒಳಗೆ ಎಳೆದುಕೊಂಡವನೇ. ಎಲ್ಲರೂ ಫ್ಯಾನು ನೋಡಿದರು.

ಜಾಸಿಬ್ ಎದ್ದು ಹೊರಗೆ ಹೋಗಿ ಕಾಳಿನ ಚೀಲ ತಂದು ನಡುವೆ ಸುರಿದ. ಗೋಧಿಯ ಜೊತೆ ಡ್ರೋನ್ ಉರುಳಿ ಬಿತ್ತು. ರೆಕ್ಕೆಯ ಬುಡದಲ್ಲಿ ಇನ್ನೂ ಬೂದುಗರಿ ಸಿಕ್ಕಿಕೊಂಡಿತ್ತು.

"ಸಾಕ್ಷಿ ಬೇಡ ಮೌಲಾನಾ. ಇದು ಆವತ್ತು ನನ್ನ ಗೂಡಿರೋ ಮಾಳಿಗೆಗೆ ಬಿತ್ತು. ಯಾರದು ಅಂತ ಕೇಳಿ, ಸಾಕು."

ಸೈಯದ್ ತಿರುಗಿಸಿ ನೋಡಿದ. "ಹೆಸರಿಲ್ಲ, ನಂಬರಿಲ್ಲ."

"ಪಾರಿವಾಳದ ಕಾಲಿಗೂ ನಾವು ಮಣಿ ಕಟ್ತೀವಿ."

"ಹಾಜಿ, ಇದು ನಿಮ್ಮದಾ?"

"ನಮ್ಮದಲ್ಲ. ಎಲ್ಲಿ ಕದ್ದನೋ."

"ಸರ್ಮದ್, ನಿನ್ನದಾ?"

ಸರ್ಮದ್ ಅಪ್ಪನ ಮುಖ ನೋಡಿ ತಲೆ ಅಲ್ಲಾಡಿಸಿದ.

"ಹಾಗಾದ್ರೆ ನಮ್ಮ ಕಟ್ಟುಪಾಡು ಕೇಳಿ," ಎಂದ ಜಾಸಿಬ್. "ಮಾಳಿಗೆಗೆ ಬಿದ್ದದ್ದನ್ನ ಯಾರೂ ಕೇಳದಿದ್ರೆ ಅದು ಇಳಿಸಿಕೊಂಡವನದು. ಕತ್ತು ಮುರಿದ್ರೂ ಯಾರೂ ತಡೆಯೋ ಹಾಗಿಲ್ಲ. ಅದೂ ಅಜ್ಜ ಮುತ್ತಜ್ಜರದೇ. ಹೌದೋ ಅಲ್ವೋ?"

"ಹೌದು," ಎಂದ ಸೈಯದ್.

ಜಾಸಿಬ್ ಕೂತು, ಡ್ರೋನನ್ನು ತೊಡೆಗಳ ನಡುವೆ ಹಿಡಿದು, ಒಂದು ತೋಳನ್ನು ಹಕ್ಕಿಯ ರೆಕ್ಕೆಯಂತೆ ಮಡಿಸಿ ಮುರಿದ. ಲಟಕ್. ಸರ್ಮದ್ ಕೂತಲ್ಲೇ ಮಿಸುಕಿದ. ಇನ್ನೊಂದು. ಲಟಕ್. ಹಾಜಿ ಮಗನ ಮೊಣಕಾಲು ಒತ್ತಿ ಹಿಡಿದ. ಜಾಸಿಬ್ ಹೆಬ್ಬೆರಳನ್ನು ಒಕ್ಕಣ್ಣಿನ ಕೆಳಗೆ ತೂರಿಸಿ, ಕತ್ತು ತಿರುಚುವವನಂತೆ ಸರ್ಮದನನ್ನೇ ನೋಡುತ್ತ ತಿರುಗಿಸತೊಡಗಿದ.

"ಲೇ ನಾಯಿ, ಕ್ಯಾಮೆರಾ ಬಿಡೋ! ದುಬೈಯಿಂದ ತರಿಸಿದ್ದು ಕಣೋ ಅದು!"

ಕೂಗು ಡೇರೆಯ ತುದಿಯವರೆಗೂ ಹೋಯಿತು. ಹಾಜಿ ಮಗನ ಕೆನ್ನೆಗೆ ಬಾರಿಸಿದ, ಆದರೆ ಹೊಡೆತ ತಡವಾಗಿತ್ತು. ಸೈಯದ್ ಹಾಜಿಯ ಕಡೆ ತಿರುಗಿದ.

"ಮಾತು ಹೊರಗೆ ಬಿತ್ತು ಹಾಜಿ. ಇನ್ನು ಒಳಗೆ ಹೋಗಲ್ಲ." ಆಮೇಲೆ ದನಿ ಎತ್ತಿ ಹೇಳಿದ: "ಆ ಹೆಣ್ಣುಮಗಳು ಹಾರಿಕೊಂಡದ್ದಲ್ಲ. ಈ ಯಂತ್ರ ಅವಳನ್ನ ಬೀಳಿಸಿತು. ಬೇರೆ ಹೇಳೋ ನಾಲಿಗೆಗೆ ನಾನು ಹೊಣೆ ಅಲ್ಲ. ಹಾಜಿ ನಾಳೆ ಜಾಸಿಬನ ತಾಯಿಯ ಬಾಗಿಲಿಗೆ ಹೋಗಿ ತಪ್ಪು ಒಪ್ಪಬೇಕು. ಇನ್ನು ಈ ಕೇರೀಲಿ ಯಾರೂ ಏನನ್ನೂ ಹಾರಿಸಬಾರದು. ಯಂತ್ರವೂ ಇಲ್ಲ, ಹಕ್ಕಿಯೂ ಇಲ್ಲ. ಎರಡೂ ಕಡೆಗೂ ಒಂದೇ ನ್ಯಾಯ."

"ನನ್ನ ಹಕ್ಕಿ ಯಾರನ್ನ ಕೊಂದಿತ್ತು ಮೌಲಾನಾ?" ಎಂದು ಜಾಸಿಬ್ ಬಾಯಿ ತೆರೆದ. ಅಷ್ಟರಲ್ಲಿ ಖಯ್ಯೂನ್ ನೆಲದ ಬಟ್ಟಲು ಎತ್ತಿ ಕಾಫಿ ಕುಡಿದುಬಿಟ್ಟಿದ್ದ. ತೀರಿತು.

ಹಾಜಿ ಬಂದ, ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿ ಹೋದ. ತಾಯಿ ವಸ್ತ್ರ ತೊಳೆದು ಮಡಿಸಿಟ್ಟಳು. ಠಾಣೆಯ ಕಾಗದದಲ್ಲಿ ನಜ್ಲಾ ತಾನಾಗಿಯೇ ಬಿದ್ದವಳಾಗಿ ಉಳಿದಳು. ಜಾಸಿಬ್ ಹಕ್ಕಿಗಳನ್ನು ಶುಕ್ರವಾರದ ಸಂತೆಗೆ ಒಯ್ದು, ಸಿಕ್ಕವರಿಗೆ ಕೊಟ್ಟು, ಖಾಲಿ ಬುಟ್ಟಿ ಹೊತ್ತು ಬಂದ. ಎರಡು ಹಕ್ಕಿ ದಾರಿ ನೆನಪಿಟ್ಟು ಮರಳಿ ಬಂದವು. ಚಿಕ್ಕಪ್ಪ ಒಪ್ಪಿ ಬಂದ ಮಾತು ಮಾತೇ ಎಂದು ಅವನು ಅವುಗಳ ಕತ್ತನ್ನೂ ತಿರುಚಿದ. ಹಾರಿಕೆ ಮಾತಿನವನು ಮಾತು ಉಳಿಸಿಕೊಂಡದ್ದನ್ನು ಕೇರಿಯಲ್ಲಿ ಯಾರೂ ಗಮನಿಸಲಿಲ್ಲ.

ಬೇಸಿಗೆ ಏರಿತು. ಒಂದು ಸಂಜೆ ತನ್ನ ಮನೆಯ ಮಾಳಿಗೆಯಲ್ಲಿ ಉಳಿದಿದ್ದ ಅಕ್ಕನ ತಟ್ಟೆ ತರಲು ಅವನು ಮೆಟ್ಟಿಲು ಹತ್ತಿದ. ಅರ್ಧದಲ್ಲಿ ನಿಂತು, ರೂಢಿಬಲದಿಂದ ಕೆಮ್ಮಿ, "ಯಾ ಅಲ್ಲಾಹ್!" ಎಂದು ಕೂಗಿದ. ಸೆರಗು ಎಳೆದುಕೊಳ್ಳಲು ಸುತ್ತಲ ಯಾವ ಮಾಳಿಗೆಯಲ್ಲೂ ಒಬ್ಬ ಹೆಣ್ಣುಮಗಳೂ ಇರಲಿಲ್ಲ. ತಟ್ಟೆಯಲ್ಲಿ ಟೊಮೇಟೊ ರಸ ಸುಟ್ಟು ಚಕ್ಕೆಯೆದ್ದಿತ್ತು. ಶೆಡ್ಡಿನ ಕಡೆಯಿಂದ, ಹೊಸ ಸದ್ದೇನಲ್ಲ, ಹೊಸ ಯಂತ್ರ, ಗುಂಯ್ ಎಂದು ಮೇಲೇರಿತು. ಅದು ಕೆಮ್ಮಲಿಲ್ಲ.

ಜಾಸಿಬ್ ತಟ್ಟೆ ಕೆಳಗಿಟ್ಟು, ಮೋಟುಗೋಡೆಯಿಂದ ಕಳಚಿದ ಒಂದು ಇಟ್ಟಿಗೆ ಎತ್ತಿಕೊಂಡ.