ಮಣ್ಣು ಮುಟ್ಟದ ಎದುರಾಳಿ

ತೊಗರ್ಸಿಯ ಮಲ್ಲಿಕಾರ್ಜುನಪ್ಪನವರು ನಲವತ್ತು ವರ್ಷದಿಂದ ಊರ ಗರಡಿಯಲ್ಲಿ ದೊಣ್ಣೆವರಸೆ ಕಲಿಸುತ್ತಿದ್ದರು. ಹೊಸಬಾಳೆಯ ನಾಗವೇಣಿ ಅವರ ಬಳಿ ಕಲಿತ ಮೊದಲ ಹುಡುಗಿ. ಅವಳು ದೊಣ್ಣೆ ತಿರುಗಿಸಿದರೆ ಅವರು ಎಣಿಕೆ ಹೇಳುವುದನ್ನೇ ಮರೆತು ನೋಡುತ್ತಾ ನಿಲ್ಲುತ್ತಿದ್ದರು.

ಅವಳು ಓದುತ್ತಿದ್ದ ಆನವಟ್ಟಿಯ ಕಾಲೇಜಿನಲ್ಲಿ ಶನಿವಾರ ಶನಿವಾರ ಹೆಂಗಸರಿಗೆ ಆತ್ಮರಕ್ಷಣೆಯ ತರಗತಿ ಶುರುವಾಯಿತು. ಕಲಿಸಲು ಶಿಕಾರಿಪುರದಿಂದ ಬರುತ್ತಿದ್ದ ಚೈತ್ರಶ್ರೀ, ಮೈಮೇಲೆ ಬೀಳುವವನ ಪಾತ್ರಕ್ಕೆ ಗಟ್ಟಿ ಆಳೊಬ್ಬ ಬೇಕೆಂದಾಗ ನಾಗವೇಣಿಯೇ ಗುರುಗಳನ್ನು ಕರೆತಂದಳು.

"ನಮ್ಮಲ್ಲಿ ಮೊದ್ಲು ಮಣ್ಣು ಮುಟ್ಟಿ ನಮಸ್ಕಾರ. ಆಮೇಲೆ ಕೈ ಎತ್ತೋದು," ಎಂದರು ಅವರು.

"ಬಸ್ ಸ್ಟ್ಯಾಂಡಲ್ಲಿ ಕೈ ಹಿಡಿಯೋನು ನಮಸ್ಕಾರ ಮಾಡಿ ಹಿಡೀತಾನೇನ್ರೀ? ನೀವು ಹೇಳ್ದೆ ಕೇಳ್ದೆ ಬರ್ಬೇಕು," ಎಂದಳು ಚೈತ್ರಶ್ರೀ.

ಗುರುಗಳಿಗೆ ಸ್ಪಂಜು ತುಂಬಿದ ದಪ್ಪ ಅಂಗಿ, ಮುಖ ಮುಚ್ಚುವ ಹೆಲ್ಮೆಟ್ ತೊಡಿಸಿದರು. ಅದರೊಳಗೆ ಕೆರೆಯ ತಳದಲ್ಲಿ ನಿಂತಂತಿತ್ತು. ತಮ್ಮ ಉಸಿರೊಂದೇ ಕೇಳುತ್ತಿತ್ತು. ಕಿಟಕಿಯ ಬಿಸಿಲು ಹಳದಿ ನೀರಿನಂತೆ ತೂಗಾಡುತ್ತಿತ್ತು. ಹುಡುಗಿಯರು ಮೀನುಗಳ ಹಾಗೆ ಸದ್ದಿಲ್ಲದೆ ಅತ್ತಿತ್ತ ಸರಿಯುತ್ತಿದ್ದರು. ಅವರ ನಡುವಿನಿಂದ ತೇಲಿದಂತೆ ನಡೆದುಹೋಗಿ, ನಾಗವೇಣಿಯ ತೋಳನ್ನು ಹಿಂದಿನಿಂದ ಹಿಡಿದೆಳೆದರು.

ಅವಳು ತಿರುಗಿದಳು. ವರಸೆಯ ಮೊದಲ ಹೆಜ್ಜೆಗೆ ಪಾದ ಜಾಗ ಹುಡುಕಿತು, ಜಾಗವಿರಲಿಲ್ಲ. ಕಲ್ಲಿನಂತೆ ನಿಂತುಬಿಟ್ಟಳು. ಕಲಿಸಿದ ಆರು ವರ್ಷದಲ್ಲಿ ಅವಳ ಕಣ್ಣಲ್ಲಿ ಅವರು ಅಂಥ ಭಯ ಕಂಡಿರಲಿಲ್ಲ. ಅದೂ ತಮ್ಮನ್ನು ನೋಡಿ! 'ನಾನೇ ಕಣವ್ವಾ' ಎಂಬ ಮಾತು ತುಟಿಗೆ ಬಂತು.

"ಬಿಡ್ಬೇಡ್ರೀ!" ಚೈತ್ರಶ್ರೀಯ ದನಿ ಎಲ್ಲೋ ದಡದಿಂದ ಬಂದಂತಿತ್ತು. "ನಾಗವೇಣಿ, ಕೂಗು!"

"ಬಿಡೋ!"

ಮೊಣಕೈ ಹೆಲ್ಮೆಟ್ಟಿಗೆ ಬಡಿಯಿತು, ಮೊಣಕಾಲು ಹೊಟ್ಟೆಗೆ. ಮಲ್ಲಿಕಾರ್ಜುನಪ್ಪನವರು ಅಂಗಾತ ಬಿದ್ದರು. ಮೇಲೆ ಫ್ಯಾನು ಮೆಲ್ಲಗೆ ತಿರುಗುತ್ತಿತ್ತು. ತಾವು ಕಲಿಸಿದ ಒಂದು ಹೆಜ್ಜೆಯೂ ಆ ಹೊಡೆತದಲ್ಲಿರಲಿಲ್ಲ. ಬೇಸರವಾಗಬೇಕಿತ್ತಲ್ಲ ಎಂದು ಒಳಗೆಲ್ಲ ತಡಕಾಡಿದರು, ಸಿಗಲಿಲ್ಲ. ಮೈ ಹತ್ತಿಯಂತೆ ಹಗುರವಾಗಿತ್ತು.

ನಾಗವೇಣಿ ಅಳುತ್ತಾ ಹೆಲ್ಮೆಟ್ ತೆಗೆದಳು. "ಅಜ್ಜಾ, ಪೆಟ್ಟಾಯ್ತಾ? ನೀವು ಕಲಿಸಿದ್ದೆಲ್ಲ ಮರ್ತೇಹೋಯ್ತು."

"ಮರೆತಿದ್ದಕ್ಕೇ ನಾ ಬಿದ್ದೆ ಕಣವ್ವಾ."

"ಹಂಗಾದ್ರೆ ಇನ್ನು ಗರಡಿಗೆ ಬರೋದು ಬ್ಯಾಡ್ವಾ?"

ಅವರು ಎದ್ದು ಕೂತರು. "ಬಾ. ವರಸೆ ಚಂದ, ಮೈ ಮನಸು ಗಟ್ಟಿಯಾಗ್ತದೆ. ಆದ್ರೆ ಅದೊಂದೇ ನಿನ್ನ ಕಾಯ್ತದೆ ಅಂತ ಹೇಳಿದ್ನಲ್ಲ, ಅದು ನನ್ನ ತಪ್ಪು."

ಸಂಜೆ ಮನೆಯಲ್ಲಿ ಹೆಂಡತಿ ನೀಲಾಂಬಿಕ ಬಿಸಿ ಎಣ್ಣೆಗೆ ಅರಿಸಿನ ಕಲಸಿ ಪಕ್ಕೆಗೆ ಹಚ್ಚಿದರು.

"ಯಾರ್ರೀ ಹಿಂಗೆ ಹೊಡೆದೋರು?"

"ನಾಗವೇಣಿ."

"ಚಲೋ ಹೊಡ್ದಾಳೆ!" ನೀಲಾಂಬಿಕ ನಕ್ಕರು. ಎಣ್ಣೆಯ ಕೈ ಅಲ್ಲೇ ನಿಂತಿತು. "ನನ್ನಷ್ಟು ವಯಸ್ಸಾದೋರಿಗೂ ಕಲಿಸ್ತಾರೇನ್ರೀ ಆನವಟ್ಟೀಲಿ?"

ನಲವತ್ತು ವರ್ಷದಲ್ಲಿ ಆಕೆ ಗರಡಿಯ ಬಗ್ಗೆ ಹೀಗೊಂದು ಪ್ರಶ್ನೆ ಕೇಳಿದವರಲ್ಲ. ಮಲ್ಲಿಕಾರ್ಜುನಪ್ಪನವರು ಹೆಂಡತಿಯ ಮುಖವನ್ನು ಹೊಸದಾಗಿ ಕಂಡವರಂತೆ ನೋಡಿದರು.

"ಶನಿವಾರ ಒಂಬತ್ತರ ಬಸ್ಸಿಗೆ ಹೋಗಣ," ಎಂದರು.