ಮೇಲೇಳದ ಬಲಗೈ

ದೊಡ್ಡ ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಚುವುದಕ್ಕೆ ಇಬ್ಬರು ಬೇಕು. ಆಚೆ ತುದಿಗೊಬ್ಬರು, ಈಚೆ ತುದಿಗೊಬ್ಬರು ನಿಂತು, ಕೈಯನ್ನು ತಲೆಗಿಂತ ಮೇಲೆತ್ತಿ ಜಾಡಿಸಿ, ಬಿಗಿಯಾಗಿ ಎಳೆದು, ಎದುರುಬದುರು ನಡೆದು ಬಂದು ಅಂಚು ಕೂಡಿಸಬೇಕು. ಅಲ್ಲಿ ಓರಗಿತ್ತಿಯರಿಬ್ಬರು ಜೋಡಿಯಾಗಿದ್ದರು. ಮನೆಯಲ್ಲಿ ಮಾತು ಬಿಟ್ಟ ದಿನವೂ ಇಲ್ಲಿ ಮುಖ ನೋಡದೆ ವಿಧಿಯಿರಲಿಲ್ಲ. "ಗಂಡಂದಿರ ಜೊತೆಗಿನ ಸಂಸಾರಕ್ಕಿಂತ ನಮ್ಮಿಬ್ಬರದೇ ಗಟ್ಟಿ ಕಣಕ್ಕ" ಎಂದು ಕಿರಿಯವಳು ನಗಿಸುತ್ತಿದ್ದಳು.

ಬಲಭುಜ ಹಿಡಿದುಕೊಂಡಾಗ ಹಿರಿಯವಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮಗ್ಗುಲು ತಪ್ಪಿ ಮಲಗಿರಬೇಕು ಅಂದುಕೊಂಡು ಮುಲಾಮು ತಿಕ್ಕಿದಳು. ಲಾಂಡ್ರಿಯಲ್ಲಿ ನೋವಿಲ್ಲದವರು ಯಾರಿದ್ದರು? ನಿಂತು ನಿಂತು ಒಬ್ಬಳಿಗೆ ಹಿಮ್ಮಡಿ, ಬಗ್ಗಿ ಬಗ್ಗಿ ಇನ್ನೊಬ್ಬಳಿಗೆ ಸೊಂಟ. ಊಟದ ಹೊತ್ತಿನ ಹರಟೆಯೇ ಅದು. ಆದರೆ ಈ ನೋವು ಮಲಗಿದರೆ ಹೆಚ್ಚುತ್ತಿತ್ತು. ಬರಬರುತ್ತ ಕೈ ಬೆನ್ನ ಹಿಂದಕ್ಕೆ ಹೋಗದಾಯಿತು, ಮೇಲಕ್ಕೂ ಏಳದಾಯಿತು. ಒಂದು ಬೆಳಿಗ್ಗೆ ಬಾಚಣಿಗೆ ಕಿವಿಯ ಹತ್ತಿರವೇ ನಿಂತುಬಿಟ್ಟಿತು. ಕಿರಿಯವಳು ಅದನ್ನು ಕಿತ್ತುಕೊಂಡು ತಾನೇ ತಲೆ ಬಾಚಿದಳು.

"ಡಾಕ್ಟರಿಗೆ ತೋರಿಸೋಣ ಅಕ್ಕ."

"ತೋರಿಸಿದ್ರೆ ಮನೇಲಿರು ಅಂತಾರೆ. ಆಮೇಲೆ?"

ಹಲ್ಲು ಕಚ್ಚಿಕೊಂಡು ದುಡಿದಳು. ಅವಳಿಗಾಗಿ ಕಿರಿಯವಳು ತನ್ನ ತುದಿಯನ್ನೂ ತಗ್ಗಿಸಿ ಹಿಡಿಯತೊಡಗಿದಳು. ಬೆಡ್‌ಶೀಟ್ ನೆಲ ಗುಡಿಸುತ್ತಿತ್ತು. ನೆಲ ಮುಟ್ಟಿದ್ದೆಲ್ಲ ಮತ್ತೆ ಮೆಷಿನ್ನಿಗೆ. ಸೂಪರ್‌ವೈಸರಮ್ಮ ಕೆಲವು ದಿನ ಕಂಡೂ ಕಾಣದಂತಿದ್ದು, ಕೊನೆಗೆ ಬಂದು ಹಿರಿಯವಳ ಎದುರೇ ನಿಂತಳು. "ಕೈ ಎತ್ತಿ ನೋಡೋಣ" ಎಂದಳು. ಕೈ ಎದೆಯ ಮಟ್ಟಕ್ಕೆ ಬಂದು ಅಲ್ಲೇ ನಿಂತಿತು.

ಡಾಕ್ಟರು ತೋಳನ್ನು ಮೆಲ್ಲಗೆ ತಿರುಗಿಸಿ ನೋಡಿದರು.

"ಭುಜದ ಕೀಲು ಬಿಗಿದುಕೊಂಡಿದೆ. ಸಕ್ಕರೆ ಕಾಯಿಲೆ ಇದೆಯಾ?"

"ಇದೆ."

"ಅಂಥವರಿಗೆ ಇದು ಜಾಸ್ತಿ. ಬಿಸಿ ಶಾಖ ಕೊಡಿ, ವ್ಯಾಯಾಮ ಬಿಡಬೇಡಿ. ಆ ಮಡಚೋ ಕೆಲಸ ಸದ್ಯಕ್ಕೆ ಬೇಡ."

"ಯಾವಾಗ ಸರಿಹೋಗುತ್ತೆ?"

"ವರ್ಷ ಹಿಡಿಬಹುದು, ಎರಡೂ ಆಗಬಹುದು. ಕೆಲವರಿಗೆ ಪೂರ್ತಿ ಬಿಡೋದೇ ಇಲ್ಲ."

ಸೂಪರ್‌ವೈಸರಮ್ಮ ಡಾಕ್ಟರ ಚೀಟಿ ಓದಿ ವಾಪಸು ಕೊಟ್ಟಳು. "ಕೂತು ಮಾಡೋ ಕೆಲಸ ಇಲ್ಲೆಲ್ಲಿದೆ ಹೇಳಿ. ಗುಣ ಆದ್ಮೇಲೆ ಬನ್ನಿ." ಅದು ಬರಿಯ ಬಾಯಿಮಾತು ಎಂದು ಇಬ್ಬರಿಗೂ ಗೊತ್ತಿತ್ತು. ಹಿರಿಯವಳ ಜಾಗದಲ್ಲಿ ಆಗಲೇ ಎತ್ತರದ ಹೆಂಗಸೊಬ್ಬಳು ನಿಂತಿದ್ದಳು. ಬೆಡ್‌ಶೀಟ್ ಗಾಳಿ ತುಂಬಿಕೊಂಡು ಮೇಲೆದ್ದಿತು. ಆ ಹೆಂಗಸು ಏನೋ ಅಂದಳು, ಕಿರಿಯವಳು ನಕ್ಕಳು. ಬಾಗಿಲಲ್ಲಿ ಅಕ್ಕನನ್ನು ಕಂಡವಳೇ ನಗು ನುಂಗಿಕೊಂಡಳು. ಹಿರಿಯವಳಿಗೆ ಆ ನಗುವಿಗಿಂತ, ಅದನ್ನು ನುಂಗಿದ್ದೇ ಹೆಚ್ಚು ಚುಚ್ಚಿತು.

ಮನೆಯಲ್ಲಿ ದಿನವೂ ಗೋಡೆಗೆ ಬೆರಳಿಟ್ಟು ಮೇಲೆ ಮೇಲೆ ಹತ್ತಿಸುವ ವ್ಯಾಯಾಮ ಮಾಡಿದಳು. ಬೆರಳು ಸ್ವಿಚ್ಚಿನ ಹಲಗೆಯವರೆಗೆ ಹೋಗುತ್ತಿತ್ತು. ತಿಂಗಳುಗಳು ಕಳೆದರೂ ಅದರಾಚೆ ಹೋಗಲಿಲ್ಲ. ಗಂಡ ಮೊದಮೊದಲು ವಿಚಾರಿಸುತ್ತಿದ್ದ, ಆಮೇಲೆ ಅದನ್ನೂ ಬಿಟ್ಟ. ಅವನ ತಪ್ಪೇನೂ ಇರಲಿಲ್ಲ. ದಿನವೂ ಅದೇ ಉತ್ತರ ಕೇಳಿ ಕೇಳಿ ಸಾಕಾಗಿತ್ತು.

ಒಂದು ರಜೆಯ ದಿನ ಅವಳು ಬಟ್ಟೆ ನೆನೆಸಿಟ್ಟು ಅಡುಗೆಮನೆಗೆ ಬಂದಾಗ, ಕಿರಿಯವಳು ಸ್ಟೂಲಿನ ಮೇಲೆ ನಿಂತು ಮೇಲಿನ ಗೂಡಿನ ಪಾತ್ರೆ, ಡಬ್ಬಗಳನ್ನೆಲ್ಲ ಕೆಳಗಿಳಿಸುತ್ತಿದ್ದಳು.

"ನಿಮ್ಮ ಕೈಗೆ ಸಿಗಲಿ ಅಂತ ಅಕ್ಕ. ಇನ್ಮೇಲೆ ಎಲ್ಲ ಕೆಳಗೇ ಇರ್ಲಿ."

"ಒಳ್ಳೇದಾಯ್ತು ಬಿಡು" ಎಂದಳು ಹಿರಿಯವಳು. ಇಷ್ಟು ದಿನ ಎಲ್ಲರೂ 'ಗುಣ ಆಗೋವರೆಗೆ' ಅನ್ನುತ್ತಿದ್ದರು, ಯಾರೂ 'ಇನ್ಮೇಲೆ' ಎಂದಿರಲಿಲ್ಲ. ಅವಳು ಕೆಳಗೆ ಕೂತು, ಎಡಗೈಯಲ್ಲಿ ಡಬ್ಬಗಳನ್ನು ಒಂದೊಂದಾಗಿ ಒರೆಸತೊಡಗಿದಳು.